ಕೊಡೆಬಟ್ಟೆಯ ತೋಳು

ಮೊನ್ನೆ ಉಪ್ಪಿನಕಾಯಿಗೆಂದು ಲಿಂಬೆ ಹೆಚ್ಚಲು ಕೂತಿದ್ದೆ. ಅಡಿಗೆಮನೆಯ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಮೆಲ್ಲ ಸರಿದು ಬಂದು ಮಣೆಯ ಮೇಲೂ ನನ್ನ ಮೊಣಕೈ ಮೇಲೂ ಬಿತ್ತು. ಮಣೆ, ಕತ್ತಿ, ಪಾತ್ರೆ ಎಲ್ಲ ಎತ್ತಿಕೊಂಡು ನೆರಳಿನ ಮೂಲೆಗೆ ಹೋಗಿ ಕೂತೆ. ಬೆಳಕಿರುವಲ್ಲಿ ಕೂತರೆ ಎಂತ ಆಗ್ತದೆ ಅಮ್ಮ, ಎಂದಳು ಮಗಳು. ಲಿಂಬೆಗೂ ಬಿಸಿಲಿಗೂ ಆಗಿಬರುವುದಿಲ್ಲ, ನಡುವೆ ನಾವು ಕೂರಬಾರದು ಎಂದೆ. ಅವಳು ನಕ್ಕು ಮೊಬೈಲು ನೋಡುತ್ತ ಹೋದಳು. ನನ್ನ ಬೆರಳಿಗೆ ಅಂಟಿದ ಸಿಪ್ಪೆಯ ವಾಸನೆ ಮಾತ್ರ ನನ್ನನ್ನು ಬಿಡಲಿಲ್ಲ. ಅದು ಸೀದಾ ಬಂದ್ಯೋಡಿನ ಕ್ಲಿನಿಕ್ಕಿನ ಆ ಹಿಂದಿನ ಕೋಣೆಗೆ, ನೇರಳೆ ಬೆಳಕಿನ ಪೆಟ್ಟಿಗೆಯ ಬದಿಗೆ ಕರೆದುಕೊಂಡು ಹೋಯಿತು.

ಆ ವರ್ಷ ನಾನು ಬದಿಯಡ್ಕದಿಂದ ಬಂದ್ಯೋಡಿಗೆ ದಿನಾ ಹೋಗಿ ಬರುತ್ತಿದ್ದೆ. ಅದಕ್ಕೆ ಮೊದಲು ಊರಿನ ಒಂದು ಶಾಲೆಯ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ ಇತ್ತು. ಅಲ್ಲಿಗೆ ಖಾಯಂ ಜನ ಬಂದರು, ನಾನು ಮನೆಯಲ್ಲಿ ಕೂತೆ. ಕೂತು ಅಭ್ಯಾಸ ಇಲ್ಲದವಳು. ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ, ಅಂಟಿಸಿದ ಚೀಟಿಯನ್ನು ಕಿತ್ತು ಪುನಃ ಚೆಂದ ಬರೆದು ಅಂಟಿಸುವಷ್ಟು ಪುರುಸೊತ್ತು ಆಯಿತು. ಅಷ್ಟರಲ್ಲಿ ಬಂದ್ಯೋಡಿನಲ್ಲಿ ಚರ್ಮದ ಡಾಕ್ಟರೊಬ್ಬರು ಕ್ಲಿನಿಕ್ ತೆರೆಯುತ್ತಾರಂತೆ, ಕನ್ನಡ, ತುಳು, ಮಲೆಯಾಳ ಮೂರೂ ಬರುವ, ಅಕ್ಷರ ಓದುವ ಹಾಗೆ ಬರೆಯುವ ಒಬ್ಬರು ಬೇಕಂತೆ ಎಂದು ಗೊತ್ತಾಯಿತು. ಹೋದೆ. ನನ್ನ ಕೈಬರಹ ನೋಡಿ ಡಾಕ್ಟರು, "ಅಕ್ಕ, ನಾಳೆಯಿಂದ ಬನ್ನಿ. ನನ್ನ ಅಕ್ಷರ ನನಗೇ ಓದಲಿಕ್ಕಾಗುವುದಿಲ್ಲ" ಎಂದರು.

ಡಾಕ್ಟರ್ ಮಿಸ್ರಿಯಾ ಶಿರಿಯದ ಹುಡುಗಿ. ಬ್ಯಾರಿ ಮುಸ್ಲಿಮರ ಮನೆ, ಮಂಗಳೂರಿನಲ್ಲಿ ಓದು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಆದರೂ ನಾನು ಅವರನ್ನು ಡಾಕ್ಟ್ರೇ ಎಂದೇ ಕರೆದದ್ದು. ಅವರ ಒಂದು ಮಾತು ಕನ್ನಡದಲ್ಲಿ ಶುರುವಾಗಿ ಬ್ಯಾರಿ ಭಾಷೆಯಲ್ಲಿ ಹೊರಳಿ ಮಲೆಯಾಳದಲ್ಲಿ ಮುಗಿಯುತ್ತಿತ್ತು. ರೋಗಿ ತನಗೆ ಯಾವುದು ಬೇಕೋ ಅದನ್ನು ಹೆಕ್ಕಿಕೊಳ್ಳುತ್ತಿದ್ದ.

ನನ್ನ ದಿನ ಹೀಗೆ: ಬೆಳಿಗ್ಗೆ ಬದಿಯಡ್ಕದಿಂದ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಹೈವೇಯಲ್ಲಿ ಇನ್ನೊಂದು. ಆಗ ರಸ್ತೆ ಅಗಲ ಮಾಡುವ ಕೆಲಸ ಜೋರಿತ್ತು. ಅಂಗಡಿಗಳ ಮುಂಭಾಗ ಹೋಗಿ ಹಿಂಭಾಗ ಮಾತ್ರ ನಿಂತಿತ್ತು. ಕೆಂಪು ಮಣ್ಣಿನ ದಿಬ್ಬಗಳ ನಡುವೆ ಬಸ್ಸು ದಿನಕ್ಕೊಂದು ದಾರಿ ಹುಡುಕಿಕೊಳ್ಳುತ್ತಿತ್ತು. ಶಿರಿಯದ ಸೇತುವೆ ದಾಟಿದ ಕೂಡಲೇ ಎಡಕ್ಕೆ ತಗಡಿನ ಮಾಡಿನ ಒಂದು ಸಣ್ಣ ಅಂಗಡಿ. ಎದುರು ಬಲೆಚೀಲದಲ್ಲಿ ಲಿಂಬೆ ನೇತುಹಾಕಿರುತ್ತಿದ್ದರು. ಬಸ್ಸಿನಿಂದ ಅದನ್ನು ನೋಡಿ, ಇನ್ನು ಐದು ನಿಮಿಷ ಎಂದು ಚೀಲ ಸರಿಮಾಡಿಕೊಳ್ಳುತ್ತಿದ್ದೆ. ಆ ಅಂಗಡಿಯವರು ಯಾರೆಂದು ಆಗ ಗೊತ್ತಿರಲಿಲ್ಲ.

ಕ್ಲಿನಿಕ್ ಇದ್ದದ್ದು ಒಂದು ಮೆಡಿಕಲ್ ಶಾಪಿನ ಮೇಲಂತಸ್ತಿನಲ್ಲಿ, ಮೂರು ಕೋಣೆ. ಎದುರಿನದರಲ್ಲಿ ನಾನು, ನಡುವಿನದರಲ್ಲಿ ಡಾಕ್ಟರು ಮತ್ತು ಲೇಸರ್ ಮಿಷನು, ಹಿಂದಿನದರಲ್ಲಿ ಬೆಳಕಿನ ಪೆಟ್ಟಿಗೆ. ಲೇಸರ್ ಎಂದರೆ ಅದುವರೆಗೆ ನನಗೆ ಗೊತ್ತಿದ್ದದ್ದು ಸಿನೆಮಾದಲ್ಲಿ ಗೋಡೆ ಕೊರೆಯುವುದು. ಇಲ್ಲಿ ಅದು ಗಲ್ಲದ ರೋಮಕ್ಕೆ, ಹಚ್ಚೆ ಅಳಿಸಲಿಕ್ಕೆ, ಕೊಳೆತ ಉಗುರಿಗೆ. ಒಂದೊಂದು ಹೊಡೆತಕ್ಕೂ ಟಿಕ್ಕೆಂದು ಒಂದು ಶಬ್ದ, ರೋಮ ಸುಟ್ಟ ಒಂದು ಎಳೆ ವಾಸನೆ. ಮೀನು ಮಾರುವ ಕಮಲಕ್ಕ ಕಾಲಿನ ಹೆಬ್ಬೆರಳ ಉಗುರಿಗೆಂದು ಬಂದಿದ್ದವರು ಬಾಗಿಲಲ್ಲೇ ಮೂಗು ಎಳೆದು, ಒಳಗೆ ಯಾರಾದರೂ ಕೋಳಿ ಸುಡುತ್ತಿದ್ದಾರಾ ಎಂದು ಕೇಳಿದ್ದರು. ವರ್ಷವಿಡೀ ನೀರಲ್ಲಿ ನಿಂತು ಅವರ ಉಗುರು ಹಳದಿಯಾಗಿ ದಪ್ಪ ಕಟ್ಟಿತ್ತು. ಬರೀ ಲೇಸರಿನಿಂದ ಆಗುವುದಿಲ್ಲ, ಮದ್ದೂ ಹಚ್ಚಬೇಕು, ಕಾಲು ಒಣಗಿಸಬೇಕು, ಹೊಸ ಉಗುರು ಬುಡದಿಂದ ತುದಿಗೆ ಬರಲು ವರ್ಷ ಬೇಕು ಎಂದು ಡಾಕ್ಟರು ಹೇಳಿದರೆ, "ವರ್ಷ ಆಗಲಿ, ನನಗೆ ಎಂತ ಬಸ್ಸು ತಪ್ಪುತ್ತದಾ" ಎಂದು ಕಮಲಕ್ಕ ಕಾಲು ಚಾಚಿ ಕೂತುಬಿಟ್ಟರು.

ಅಂದುಚ್ಚ ಬಂದದ್ದು ಮಳೆಗಾಲದ ಮೊದಲ ವಾರ. ಐವತ್ತರ ಆಸುಪಾಸಿನ ಸಪೂರ ಜನ, ಮಡಚಿ ಉಟ್ಟ ಬಿಳಿ ಮುಂಡು. ನಿಜವಾದ ಹೆಸರು ಅಬ್ದುಲ್ಲ, ಊರಿಗೆಲ್ಲ ಅಂದುಚ್ಚ. ಎರಡು ಕೈಯನ್ನೂ ಮುಂಡಿನ ಮಡಿಕೆಯೊಳಗೆ ಅಡಗಿಸಿಕೊಂಡು ನಿಂತಿದ್ದರು. ಹೆಸರು ಬರೆಸಲು ಚೀಟಿ ಕೊಡುವಾಗ ಕೈ ಹೊರಗೆ ಬಂತು. ಮುಂಗೈ ಮೇಲೆ, ಬೆರಳುಗಳ ಮೇಲೆ ಬಿಳಿ ಕಲೆ, ನಕಾಶೆಯಲ್ಲಿ ದ್ವೀಪಗಳಿರುತ್ತವಲ್ಲ, ಹಾಗೆ. ಬೆರಳ ತುದಿಗಳು ಪೂರ್ತಿ ಬಿಳಿ.

ಇದನ್ನು ಬರೆಯಲೇಬೇಕು. ನಾನು ಚೀಟಿಗೆ ಕೈ ಚಾಚಲಿಲ್ಲ. "ಅಲ್ಲಿ ಮೇಜಿನ ಮೇಲೆ ಇಡಿ" ಎಂದೆ. ತೊನ್ನು ಅಂಟುವುದಿಲ್ಲ, ಅದು ಬಣ್ಣ ಹೋಗುವುದು ಅಷ್ಟೆ ಎಂದು ಡಾಕ್ಟರು ಮೊದಲ ದಿನವೇ ಕಲಿಸಿದ್ದರು. ನಾನೇ ಅದನ್ನು ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ತಲೆಗೆ ಹೋದದ್ದು ಕೈಗೆ ಹೋಗಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಹೇಳಿದ್ದೇ ಕೈಯಲ್ಲಿ ಕೂತಿತ್ತು. ಅವರು ಚೀಟಿಯನ್ನು ಮೇಜಿನ ಅಂಚಿಗೆ ಇಟ್ಟು, ಒಂದು ಬೆರಳಿನಿಂದ ನನ್ನ ಕಡೆ ದೂಡಿದರು. ದೂಡಿದ ರೀತಿಯಲ್ಲಿಯೇ ಗೊತ್ತಾಗುತ್ತಿತ್ತು, ಅದು ಅಭ್ಯಾಸದ ಕೈ ಎಂದು.

ಶಿರಿಯದ ಸೇತುವೆ ಬದಿಯ ಲಿಂಬೆ ಸೋಡದ ಅಂಗಡಿ ಅವರದ್ದೇ ಎಂದು ಆಮೇಲೆ ತಿಳಿಯಿತು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಮೂರು ವರ್ಷದ ಹಿಂದೆ ಹೆಬ್ಬೆರಳ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಅದು ಹರಡಿದ ಹಾಗೆ ಗಿರಾಕಿಗಳ ಕಣ್ಣು ಗ್ಲಾಸಿನಿಂದ ಕೈಗೆ ಇಳಿಯಿತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೆಲವರು ಬಾಟ್ಲಿಯದ್ದೇ ಸಾಕು ಎಂದರು. ಕೆಲವರು ಗ್ಲಾಸು ಕೊಟ್ಟರೆ, ಅಲ್ಲಿಡಿ ಅಂದುಚ್ಚ, ಫೋನು ಬರ್ತಾ ಉಂಟು ಎಂದು ಜೇಬು ತಡಕಿದರು. ಅಂದುಚ್ಚ ಕೈಗೆ ರಸ ತಾಗದ ಹಾಗೆ ಮರದ ಇಕ್ಕುಳದಲ್ಲಿ ಲಿಂಬೆ ಹಿಂಡತೊಡಗಿದರು. ಮತ್ತೆ ಒಂದು ಸ್ಟೀಲಿನ ತಟ್ಟೆ ತಂದರು. ಗ್ಲಾಸನ್ನು ತಟ್ಟೆಯಲ್ಲಿಟ್ಟು ಹಲಗೆಯ ಮೇಲೆ ದೂಡುವುದು. ದೊಡ್ಡ ಹೋಟೆಲಿನಲ್ಲಿ ಹಾಗೆಯೇ ಅಲ್ವಾ ಎಂದು ತಮಾಷೆ ಮಾಡುತ್ತಿದ್ದರಂತೆ.

"ನನಗೆ ಚೆಂದ ಆಗಬೇಕು ಅಂತ ಇಲ್ಲ ಡಾಕ್ಟ್ರೇ. ಗ್ಲಾಸು ಜನರ ಕೈಗೆ ಕೊಡ್ಲಿಕ್ಕೆ ಆದರೆ ಸಾಕು" ಎಂದರು ಆ ದಿನ.

ಡಾಕ್ಟರು ಸುಳ್ಳು ಆಸೆ ಹುಟ್ಟಿಸುವ ಜನ ಅಲ್ಲ. ಬೆಳಕು ಬಣ್ಣವನ್ನು ರೋಮದ ಬುಡದಿಂದ ಎಬ್ಬಿಸಿ ಮೇಲೆ ತರುತ್ತದೆ, ಮುಂಗೈಯಲ್ಲಿ ರೋಮ ಉಂಟು, ಅಲ್ಲಿ ಬಂದೀತು. ಬೆರಳ ತುದಿಯಲ್ಲಿ ರೋಮ ಇಲ್ಲ, ಬಣ್ಣಕ್ಕೆ ಹೊರಡಲು ಜಾಗ ಇಲ್ಲ, ಅಲ್ಲಿ ಬರುವುದು ಕಷ್ಟ ಎಂದು ಬಿಡಿಸಿ ಹೇಳಿದರು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ತಿಂಗಳುಗಟ್ಟಲೆ ತಪ್ಪದೆ ಬರಬೇಕು. ಅಂದುಚ್ಚ ತಲೆ ಆಡಿಸಿದರು.

ಆಮೇಲಿನದ್ದು ನನ್ನ ಕೆಲಸ. ಬೆಳಕಿನ ದಿನ ಕೈಗೆ ಎಣ್ಣೆ ಬೇಡ, ಕ್ರೀಮು ಬೇಡ, ಅತ್ತರು ಬೇಡ, ಸೋಪು ಬೇಡ, ಬರೀ ಕೈಯಲ್ಲಿ ಬನ್ನಿ ಎಂದು ಮಗ್ಗಿ ಹೇಳಿದ ಹಾಗೆ ಹೇಳಿದೆ. ಡಾಕ್ಟರು ಹೇಳಿಕೊಟ್ಟದ್ದು ವಾಸನೆಯ ಸೋಪು ಬೇಡ ಎಂದು. ನಾನು ಅದನ್ನು ಗಿಡ್ಡ ಮಾಡಿ ಸೋಪು ಬೇಡ ಎಂದೆ.

ಬೆಳಕಿನ ಪೆಟ್ಟಿಗೆ ಹಾರ್ಮೋನಿಯಂಗಿಂತ ಸ್ವಲ್ಪ ದೊಡ್ಡದು. ಎದುರಿನ ಕಿಂಡಿಯಿಂದ ಕೈ ಒಳಗೆ ಇಡುವುದು, ಮೇಲೂ ಕೆಳಗೂ ಟ್ಯೂಬುಗಳು. ಕಪ್ಪು ಕನ್ನಡಕ ಇಬ್ಬರಿಗೂ. ಕಲೆ ಇಲ್ಲದ ತೋಳಿಗೆ ಬೆಳಕು ಬೀಳಬಾರದು. ಅದಕ್ಕೆ ಕಂಪೆನಿಯವರು ಕೊಟ್ಟ ಮುಸುಕು ಅಂದುಚ್ಚನ ಸಪೂರ ತೋಳಿನಲ್ಲಿ ನಿಲ್ಲಲಿಲ್ಲ. ಮನೆಯಲ್ಲಿ ಕಡ್ಡಿ ಮುರಿದ ಒಂದು ಹಳೆ ಕೊಡೆ ಇತ್ತು. ಅದರ ಕಪ್ಪು ಬಟ್ಟೆ ಬಿಚ್ಚಿ, ಇಮ್ಮಡಿ ಮಾಡಿ, ಮಣಿಗಂಟಿನಿಂದ ಮೊಣಕೈವರೆಗೆ ಬರುವ ಎರಡು ತೋಳು ಹೊಲಿದು, ಎರಡು ಬದಿಗೂ ಎಲಾಸ್ಟಿಕ್ ಹಾಕಿದೆ. ಡಾಕ್ಟರು ಅದನ್ನು ಪೆಟ್ಟಿಗೆಯೊಳಗೆ ಇಟ್ಟು ಬೆಳಕು ದಾಟುತ್ತದೋ ಎಂದು ಪರೀಕ್ಷೆ ಮಾಡಿ, ಭೇಷ್ ಎಂದರು. ಅಂದುಚ್ಚ ತೊಟ್ಟುಕೊಂಡು, ಕನ್ನಡಕ ಏರಿಸಿ, ಇನ್ನು ನನಗೆ ಗಲ್ಫಿನಲ್ಲಿ ವೆಲ್ಡಿಂಗ್ ಕೆಲಸ ಗ್ಯಾರಂಟಿ ಎಂದರು.

ಮಳೆಗಾಲವಿಡೀ ಅವರು ತಪ್ಪದೆ ಬಂದರು. ಮಧ್ಯಾಹ್ನ ಊಟ ಆದ ಮೇಲೆ ಅಂಗಡಿಗೆ ಹೆಂಡತಿ ಬೀಫಾತುಮ್ಮನನ್ನು ಕೂರಿಸಿ, ರೈನ್‌ಕೋಟು ಹಾಕಿ ಸ್ಕೂಟರಿನಲ್ಲಿ. ಬೆಳಕು ಶುರುವಾದದ್ದು ಸೆಕೆಂಡುಗಳಲ್ಲಿ, ಪ್ರತಿ ಸಲ ಡಾಕ್ಟರು ಹೇಳಿದಷ್ಟು ಏರಿಸುವುದು. ಪೆಟ್ಟಿಗೆಯ ಗಡಿಯಾರದ ಗುಂಡಿ ನಾನು ತಿರುಗಿಸುತ್ತಿದ್ದೆ, ಪುಸ್ತಕದಲ್ಲಿ ನಾನೇ ಬರೆಯುತ್ತಿದ್ದೆ. ಮಳೆಗೆ ಕರೆಂಟು ನಡುವಿನಲ್ಲೇ ಹೋಗುವುದು ಬಹಳ. ಹೋದರೆ ಕತ್ತಲೆಯಲ್ಲಿ ಬರೆಯಲಾಗದು, ಎಷ್ಟು ಹೊತ್ತು ಆಗಿತ್ತೆಂದು ಮರೆತೂ ಹೋದೀತು. ಹಾಗಾಗಿ ನಾನು ಒಂದು ಉಪಾಯ ಮಾಡಿಕೊಂಡಿದ್ದೆ: ಬೆಳಕು ಕೊಡುವ ಮೊದಲೇ ಪೂರ್ತಿ ಸಮಯ ಬರೆದಿಡುವುದು, ನಡುವೆ ನಿಂತರೆ ಹೊಡೆದು ತಿದ್ದುವುದು. ಉಪಾಯ ಎಂದು ಮಾಡಿದ್ದು ಆಮೇಲೆ ಮೈಗೆ ಹತ್ತಿತು.

ಕರೆಂಟು ಹೋದಾಗ ಇಬ್ಬರೂ ಹಾಗೆಯೇ ಕೂರುವುದು. ಅಂದುಚ್ಚ ಕೈಯನ್ನು ಪೆಟ್ಟಿಗೆಯಿಂದ ತೆಗೆಯುತ್ತಲೂ ಇರಲಿಲ್ಲ. ಹೊರಗೆ ತಗಡಿನ ಮೇಲೆ ಮಳೆ. ಕಥೆ ಹೇಳುತ್ತಿದ್ದರು. ಸೇತುವೆ ಮೇಲೆ ಕೆಟ್ಟು ನಿಂತ ಮದುವೆ ಬಸ್ಸಿನ ಜನಕ್ಕೆಲ್ಲ ಶರಬತ್ತು ಮಾಡಿಕೊಟ್ಟದ್ದು, ಮದುಮಗಳು ಮಾತ್ರ ಎರಡು ಸಲ ಕೇಳಿ ಕುಡಿದದ್ದು. ಒಂದು ದಿನ ನನ್ನನ್ನು ಕೇಳಿದರು, ಸುಮಿತ್ರಕ್ಕ, ನೀವು ಮೀನು ತಿನ್ನುವುದಿಲ್ಲ ಅಲ್ವಾ ಎಂದು. ಇಲ್ಲ ಎಂದೆ. ಮನೆಯಲ್ಲಿ ಯಾರೂ? ಯಾರೂ ಇಲ್ಲ ಎಂದೆ. ಹಾಗಾದರೆ ನಿಮಗೆ ವಾಸನೆ ಕಷ್ಟ, ಎಂದು ತನ್ನಷ್ಟಕ್ಕೇ ಹೇಳಿಕೊಂಡರು. ಅದು ಮಳೆಗಾಲಕ್ಕೆ ಟ್ರಾಲಿಂಗ್ ನಿಂತು ದೊಡ್ಡ ದೋಣಿಗಳೆಲ್ಲ ದಡದಲ್ಲಿದ್ದ ಸಮಯ. ಮೀನು ಬರುತ್ತಿದ್ದದ್ದೂ ಕಮ್ಮಿ. ಮಾತು ಅಲ್ಲಿಗೇ ನಿಂತಿತು.

ಆಟಿ ತಿಂಗಳ ಕೊನೆಗೆ, ಆಗಸ್ಟ್ ನಡುವಿನಲ್ಲಿ, ಒಂದು ಗುರುವಾರ ಅವರು ಕನ್ನಡಕ ತೆಗೆದವರು ಕೈಯನ್ನೇ ನೋಡುತ್ತ ಕೂತರು. ಬಿಳಿ ದ್ವೀಪದ ನಡುವೆ ಕಂದು ಚುಕ್ಕೆಗಳು. ಒಂದೊಂದು ರೋಮದ ಸುತ್ತ ಒಂದೊಂದು, ಎಳ್ಳು ಚೆಲ್ಲಿದ ಹಾಗೆ. ಎಡಗೈಯಲ್ಲಿ ಎಣಿಸಿದರು, ಬಲಗೈಯಲ್ಲಿ ಎಣಿಸಿದರು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ನಕ್ಕರು. ಆ ದಿನ ಬೀಫಾತುಮ್ಮ ಮಾಡಿದ ಒಂದು ಡಬ್ಬ ಸಿಹಿ ಬಂತು. ಅವರು ಅದನ್ನು ಮೇಜಿನ ಅಂಚಿಗೆ ಇಟ್ಟು ದೂಡಿದರು. ಕೈಯಿಂದ ತೆಗೆದುಕೊಳ್ಳಬೇಕಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಡಬ್ಬ ನನ್ನ ಎದುರಿಗೆ ಬಂದಾಗಿತ್ತು.

ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಮಳೆ ಬಿಟ್ಟಿತು. ತಿಂಗಳುಗಟ್ಟಲೆ ಮುಚ್ಚಿದ್ದ ಆಕಾಶ ತೆರೆದರೆ ಬಿಸಿಲು ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಗೊತ್ತು. ತೊಳೆದಿಟ್ಟ ಪಾತ್ರೆಯ ಹಾಗೆ ಕಣ್ಣಿಗೆ ಹೊಡೆಯುವ ಬಿಸಿಲು. ದೋಣಿಗಳೂ ಹೊರಟವು. ಬಂದ್ಯೋಡಿನ ಪೇಟೆಯಲ್ಲಿ ಬಂಗುಡೆ ಮೀನು ಬುಟ್ಟಿ ಬುಟ್ಟಿ. ಕಮಲಕ್ಕನಿಗೆ ಲೇಸರಿಗೆ ಬರಲಿಕ್ಕೂ ಪುರುಸೊತ್ತಿಲ್ಲ.

ಆ ಸೋಮವಾರ ಅಂದುಚ್ಚ ಎಂದಿನಂತೆ ಬಂದು ಹೋದರು. ಗುರುವಾರ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಮೂರು ತಿಂಗಳಲ್ಲಿ ಒಂದು ದಿನ ತಪ್ಪದ ಜನ. ಫೋನು ಮಾಡಿದರೆ ಬೀಫಾತುಮ್ಮ ತೆಗೆದರು. ಕೈ ಸುಟ್ಟಿದೆ ಅಕ್ಕ, ನೀರಿನ ಬೊಬ್ಬೆ ಎದ್ದಿದೆ, ಇನ್ನು ಬರುವುದಿಲ್ಲ ಎಂದು ಹೇಳ್ತಾರೆ ಎಂದರು. ದೂರಿನ ಸ್ವರ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಇರಿದದ್ದು.

ನಾನು ಪುಸ್ತಕ ತೆಗೆದು ನೋಡಿದೆ. ಆ ಸೋಮವಾರದ ಸಾಲಿನಲ್ಲಿ ಸಮಯ ಸರಿಯಾಗಿಯೇ ಇತ್ತು, ನನ್ನ ಚೆಂದದ ಉರುಟು ಅಕ್ಷರದಲ್ಲಿ. ಆದರೆ ಅದು ಬೆಳಕು ಕೊಡುವ ಮೊದಲೇ ಬರೆದದ್ದು. ಗುಂಡಿ ಎಷ್ಟಕ್ಕೆ ತಿರುಗಿಸಿದೆ ಎಂದು ಪುಸ್ತಕ ಹೇಳಲಾರದು. ಆ ದಿನ ಎದುರಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತ್ತು, ನಾನು ಅತ್ತ ನೋಡಿದ್ದು ನೆನಪಿತ್ತು. ಗುಂಡಿ ನೋಡಿದ್ದು ನೆನಪಿರಲಿಲ್ಲ. ನೆಟ್ಟಗೆ ಬರೆಯುತ್ತಾಳೆ ಎಂದು ನನ್ನನ್ನು ಇಟ್ಟುಕೊಂಡವರು. ನೆಟ್ಟಗೆ ಬರೆದ ಸಾಲಿಗೆ ಬೆಲೆಯೇ ಇಲ್ಲದ ಹಾಗೆ ಮಾಡಿಟ್ಟಿದ್ದೆ.

ಡಾಕ್ಟರಿಗೆ ಹೇಳಿದೆ. ಮೊದಲೇ ಬರೆಯುವ ಅಭ್ಯಾಸವನ್ನೂ ಹೇಳಿದೆ. ಅವರು ಪುಸ್ತಕ ಎಳೆದುಕೊಂಡು ಆ ಸಾಲು ನೋಡಿದರು. ಬೈದಿದ್ದರೆ ಹಗುರ ಆಗುತ್ತಿತ್ತು. ಸುಟ್ಟ ಜಾಗ ಮತ್ತೆ ಬೆಳ್ಳಗಾಗುವುದೂ ಉಂಟು ಅಕ್ಕ, ನನಗೆ ಅದೇ ಹೆದರಿಕೆ, ಹೇಗಾದರೂ ಕರೆದುಕೊಂಡು ಬನ್ನಿ ಎಂದರು. ಬಂದ ಎಳ್ಳೆಲ್ಲ ಹೋಗಿ, ಇಲ್ಲದಲ್ಲಿಯೂ ಬಿಳಿ ಬಂದರೆ? ತಟ್ಟೆ ಇಟ್ಟುಕೊಂಡಾದರೂ ನಡೆಯುತ್ತಿದ್ದ ಅಂಗಡಿ. ಆ ಅಂಗಡಿಯನ್ನೂ ಮುಚ್ಚಿಸುವವಳು ನಾನಾಗಬೇಕಾ?

ಮರುದಿನ ಮಧ್ಯಾಹ್ನ ರಿಕ್ಷಾ ಮಾಡಿಕೊಂಡು ಶಿರಿಯಕ್ಕೆ ಹೋದೆ. ಬಸ್ಸಿನಿಂದ ದಿನಾ ನೋಡಿದ ಅಂಗಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹಿಂದುಗಡೆ ನೆರಳಿನಲ್ಲಿ ಅಂದುಚ್ಚ ಊಟಕ್ಕೆ ಕೂತಿದ್ದರು, ಎಡಗೈಯಲ್ಲಿ ಚಮಚ ಹಿಡಿದು. ಬಲಗೈ ಮಡಿಲಲ್ಲಿ. ನನ್ನನ್ನು ಕಂಡು ಎದ್ದರು, ಸ್ಟೂಲು ಕೊಡಿಸಿದರು. ನಾನು ಮಾತಿಗೆ ಪೀಠಿಕೆ ಹಾಕದೆ, ಗಡಿಯಾರ ನಾನೇ ತಪ್ಪಿ ತಿರುಗಿಸಿರಬೇಕು ಅಂದುಚ್ಚ, ನನ್ನದೇ ತಪ್ಪು ಎಂದೆ.

"ಇರಲಿ ಬಿಡಿ ಸುಮಿತ್ರಕ್ಕ. ಬೆಳಕಿಗೂ ನನಗೂ ಅಷ್ಟೇ ಋಣ. ಎಳ್ಳು ಬಂದದ್ದು ನೋಡಿದೆನಲ್ಲ, ಅದೇ ಸಾಕು."

ಕೈ ತೋರಿಸಿ ಎಂದೆ. ಬೇಡ ಎಂದರು. ಪುನಃ ಕೇಳಿದೆ. ಮುಂಗೈಯಲ್ಲಿ ಕೆಂಪು, ಬೆರಳ ಸಂದುಗಳಲ್ಲಿ ನೀರು ತುಂಬಿದ ಬೊಬ್ಬೆ. ನೋಡಲಾಗಲಿಲ್ಲ. ಕಣ್ಣು ಸರಿಸಿದವಳಿಗೆ ತೋಳು ಕಂಡಿತು. ಅಲ್ಲೂ ಬೊಬ್ಬೆ. ಮಣಿಗಂಟಿನಿಂದ ಮೊಣಕೈವರೆಗೆ ಎರಡು ಸಪೂರ ಗೆರೆ, ಯಾರೋ ಕುಂಚ ಎಳೆದ ಹಾಗೆ ವಕ್ರವಾಗಿ. ಬೆಳಕಿನ ದಿನ ಅಷ್ಟು ಜಾಗವೂ ಕೊಡೆಬಟ್ಟೆಯ ತೋಳಿನೊಳಗೆ ಇರುವಂಥದ್ದು. ಇಮ್ಮಡಿ ಬಟ್ಟೆ. ಗಡಿಯಾರವನ್ನು ನಾನು ಎಷ್ಟೇ ತಪ್ಪಿ ತಿರುಗಿಸಿದ್ದರೂ ಅಲ್ಲಿಗೆ ಬೆಳಕು ಹೋಗುವ ಹಾಗೆಯೇ ಇಲ್ಲ.

ನಾನು ಆ ಗೆರೆಯನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಬೀಫಾತುಮ್ಮ ಬಂಗುಡೆಯ ತಟ್ಟೆ ತೊಳೆದಿಟ್ಟು, ಬುಟ್ಟಿಯಿಂದ ಒಂದು ಲಿಂಬೆ ಹೋಳು ತೆಗೆದರು. ತನ್ನ ಎರಡೂ ಕೈಗೆ, ಬೆರಳ ಸಂದಿಗೆಲ್ಲ ಚೆನ್ನಾಗಿ ಉಜ್ಜಿದರು. ಉಜ್ಜುತ್ತ ಕೈ ಮೇಲೆತ್ತಿ ಮೂಸಿ ನೋಡಿದರು. ಮೇಲೆತ್ತಿದಾಗ ರಸದ ಒಂದು ಹನಿ ಮಣಿಗಂಟು ದಾಟಿ, ತೋಳಿನಲ್ಲಿ ವಕ್ರವಾಗಿ ಹರಿದು, ಮೊಣಕೈಗೆ ಹೋಗಿ ನಿಂತಿತು.

ಹಾಗೆ ಯಾಕೆ ಮಾಡುವುದು ಎಂದು ಕೇಳಿದೆ. ಮೀನಿನ ವಾಸನೆ ಹೋಗಲಿಕ್ಕೆ ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ಬಟ್ಟೆ ಒಗೆಯುವುದು ನೀರಿನಲ್ಲಿಯಾ ಎಂದು ಕೇಳಿದ ಹಾಗಾಗಿತ್ತು ಅವರಿಗೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ ಅಂಥದ್ದೇ ಮನೆ ಸೇರಿದ ನಾನು ಅದನ್ನು ಅದುವರೆಗೆ ಕಂಡಿರಲಿಲ್ಲ.

"ಅಂದುಚ್ಚ, ನೀವೂ ಹೀಗೆ ಉಜ್ಜಿಯೇ ಬಂದದ್ದಾ ಆ ಸೋಮವಾರ?"

ಅವರು ಸಂಕೋಚದಿಂದ ತಲೆ ತಗ್ಗಿಸಿದರು. "ಬೇರೆ ದಿನ ಸೋಪು ಹಾಕ್ತೇನೆ. ಬೆಳಕಿನ ದಿನ ಸೋಪು ಬೇಡ ಅಂತ ನೀವೇ ಹೇಳಿದ್ದಲ್ವಾ. ಬರೀ ನೀರಿಗೆ ಬಂಗುಡೆ ವಾಸನೆ ಹೋಗುವುದಿಲ್ಲ. ನೀವು ಮೀನು ತಿನ್ನದವರು, ಆ ಸಣ್ಣ ಕೋಣೆಯಲ್ಲಿ ನನ್ನ ಬದಿಯಲ್ಲೇ ಕೂರಬೇಕು. ನಿಮಗೆ ಎಂತಕ್ಕೆ ಕಷ್ಟ ಅಂತ ಎರಡು ಲಿಂಬೆ ಜಾಸ್ತಿಯೇ ಉಜ್ಜಿದೆ."

ಚೀಟಿಯನ್ನು ಅವರ ಕೈಯಿಂದ ತೆಗೆದುಕೊಳ್ಳದ ನನಗೆ ವಾಸನೆ ಬರಬಾರದೆಂದು ಆ ಮನುಷ್ಯ ಕೈ ಉಜ್ಜಿಕೊಂಡು, ಸೋಣ ತಿಂಗಳ ಬಿಸಿಲಿನಲ್ಲಿ ಸ್ಕೂಟರಿನ ಹಿಡಿಯ ಮೇಲೆ ಆ ಕೈಯನ್ನು ಇಟ್ಟುಕೊಂಡು ಬಂದಿದ್ದರು. ಹೊರಗೆ ರಿಕ್ಷಾ ಕಾಯುತ್ತಿತ್ತು. ಮೈ ಒರೆಸುವ ಒಂದು ಒಣ ಬೈರಾಸನ್ನು ಅವರ ಕೈ ಮೇಲೆ ಹೊದೆಸಿ, ಏಳಿ ಎಂದೆ. ನನ್ನ ಸ್ವರಕ್ಕೆ ಎದ್ದರು.

ಡಾಕ್ಟರು ತೋಳಿನ ಗೆರೆ ನೋಡಿದರು, ನಾನು ಹೇಳಿದ್ದು ಕೇಳಿದರು, ಅಂಗೈಯಿಂದ ಹಣೆ ಹೊಡೆದುಕೊಂಡರು. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಹೀಗೆ ಬೇಯುತ್ತದೆ, ಒಂದೆರಡು ದಿನ ಬಿಟ್ಟು ಬೊಬ್ಬೆ ಏಳುತ್ತದೆ. ಪುಸ್ತಕದಲ್ಲಿ ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದಿದ್ದಾರೆ. ಮುಂಗೈಯಲ್ಲಿ ನಮ್ಮ ಪೆಟ್ಟಿಗೆಯ ಬೆಳಕೂ ಸ್ವಲ್ಪ ಸೇರಿರಬಹುದು, ತೋಳಿನದ್ದು ಮಾತ್ರ ಪೂರ್ತಿ ಬಿಸಿಲಿನದ್ದು ಎಂದರು. ಮಳೆಯಲ್ಲಿ ಮೀನೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಎರಡೂ ಒಂದೇ ವಾರ ಬಂದದ್ದು.

ಸೋಪು ಬೇಡ ಎಂದು ಗಿಡ್ಡ ಮಾಡಿ ಹೇಳಿದ್ದು ನಾನು ಎಂದೆ.

"ಅಕ್ಕ, ನಾನು ಶಿರಿಯದಲ್ಲೇ ಹುಟ್ಟಿದವಳು. ನನ್ನ ಉಮ್ಮ ಇವತ್ತು ಮಧ್ಯಾಹ್ನವೂ ಹಾಗೆಯೇ ಕೈ ತೊಳೆದಿರ್ತಾರೆ. ನನಗೇ ಹೊಳೆಯದ್ದು ನಿಮಗೆ ಎಲ್ಲಿಂದ ಹೊಳೆಯಬೇಕು? ಒಂದು ಮಾತ್ರ, ಇನ್ನು ಪುಸ್ತಕ ಬೆಳಕು ಕೊಟ್ಟ ಮೇಲೆ ಬರೆಯಿರಿ."

ಅಂದಿನಿಂದ ಹಾಗೆಯೇ ಬರೆದೆ. ಕರೆಂಟು ಹೋದರೆ ಟಾರ್ಚು ಹಿಡಿದು.

ಬೊಬ್ಬೆ ಒಣಗಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಡಾಕ್ಟರು ಬಿಳಿ ಬಂದೀತೆಂದು ಕಾದರು, ನಾನು ದೇವರಿಗೆ ಹೇಳಿಕೊಂಡೆ, ಅಂದುಚ್ಚ ಅವರ ದೇವರಿಗೆ. ಬಿಳಿ ಬರಲಿಲ್ಲ. ತೋಳಿನ ಗೆರೆಗಳು ಕಾಫಿ ಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ಹಾಗೆಯೇ ಉಳಿದವು. ಅದರಿಂದ ಇನ್ನೊಂದು ಉಪದ್ರ. ಲಿಂಬೆ ಉಜ್ಜಿ ಬಿಸಿಲಿಗೆ ನಿಂತರೆ ತೊನ್ನು ಕಪ್ಪಾಗ್ತದಂತೆ ಎಂದು ಬಂದ್ಯೋಡಿನಲ್ಲಿ ಸುದ್ದಿ ಹಬ್ಬಿ, ಇಬ್ಬರು ಕೇಳಿಕೊಂಡು ಮೆಟ್ಟಲು ಹತ್ತಿ ಬಂದರು. ಡಾಕ್ಟರು ಅಂದುಚ್ಚನ ಬೊಬ್ಬೆಯ ಫೋಟೋ ತೋರಿಸಿ ಕಳಿಸಿದರು. ನಾನು ಮೂರು ಭಾಷೆಯಲ್ಲಿ ಒಂದು ಬೋರ್ಡು ಬರೆದು ಬಾಗಿಲಿಗೆ ಅಂಟಿಸಿದೆ. ಮೊದಲ ಸಾಲು: ಬೆಳಕಿನ ದಿನ ಕೈಗೆ ಲಿಂಬೆ ಬೇಡ, ವಾಸನೆ ಇಲ್ಲದ ಸೋಪು ಅಡ್ಡಿಯಿಲ್ಲ. ಕಮಲಕ್ಕ ಅದನ್ನು ಓದಿಸಿ ಕೇಳಿ, ವಾಸನೆ ಇದ್ದರೆ ಇರಲಿ, ನನಗೆ ಅನ್ನ ಕೊಡುವುದು ಅದೇ ಎಂದರು.

ಬೆಳಕು ಪುನಃ ಶುರುವಾಯಿತು, ಮೊದಲಿನ ಸೆಕೆಂಡುಗಳಿಂದ. ಅಂದುಚ್ಚ ಮಧ್ಯಾಹ್ನದ ಬದಲು ಬೆಳಿಗ್ಗೆ, ಚಾ ಕುಡಿದ ಕೈಯಲ್ಲಿ ಬರತೊಡಗಿದರು. ದೀಪಾವಳಿ ಕಳೆಯಿತು. ಎಳ್ಳುಗಳು ದೊಡ್ಡದಾಗಿ ಒಂದಕ್ಕೊಂದು ಸೇರಿದವು. ಬೇಸಗೆ ಮುಗಿಯುವ ಹೊತ್ತಿಗೆ ಮುಂಗೈಯ ದ್ವೀಪಗಳು ತುಂಬಿಹೋಗಿದ್ದವು, ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಬಣ್ಣದಲ್ಲಿ ಹೆಚ್ಚು ಕಮ್ಮಿ. ಬೆರಳ ತುದಿಗಳು ಮಾತ್ರ ಬಂದ ದಿನದ ಹಾಗೆಯೇ ಬಿಳಿ. ಇದಕ್ಕಿಂತ ಮುಂದೆ ಹೋಗುವುದಿಲ್ಲ ಅಂದುಚ್ಚ, ಇನ್ನು ಬೆಳಕು ಕೊಟ್ಟರೆ ಸುಮ್ಮನೆ ಕೊಟ್ಟ ಹಾಗೆ ಎಂದು ಡಾಕ್ಟರು ಹೇಳಿದ ದಿನ, ಅವರು ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿ, ಆಯ್ತು ಎಂದರು. ಕೊಡೆಬಟ್ಟೆಯ ತೋಳುಗಳನ್ನು ಕಳಚಿ, ನೀಟಾಗಿ ಮಡಚಿ ಮೇಜಿನ ಅಂಚಿಗೆ ಇಟ್ಟರು. ಅಂಗಡಿಗೆ ಒಮ್ಮೆ ಬನ್ನಿ ಸುಮಿತ್ರಕ್ಕ, ಮಾಡಿನ ತಗಡು ಬದಲಿಸಿದ್ದೇನೆ ಎಂದರು.

ಆ ವಾರವೇ ಹೋದೆ. ರಸ್ತೆಗೆ ಜಾಗ ಬಿಟ್ಟುಕೊಟ್ಟು ಅಂಗಡಿ ಹತ್ತು ಹೆಜ್ಜೆ ಹಿಂದೆ ಸರಿದಿತ್ತು. ಮೂರು ನಾಲ್ಕು ಜನ ನಿಂತಿದ್ದರು. ಅಂದುಚ್ಚ ಇಕ್ಕುಳದಲ್ಲಿ ಲಿಂಬೆ ಹಿಂಡಿ, ಸೋಡ ಒಡೆದು, ಗ್ಲಾಸನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ದೂಡಿದರು. ವರ್ಷ ಪೂರ್ತಿ ಬೆಳಕಿಗೆ ಬಂದ ಕೈ ದೂಡುವ ಅಭ್ಯಾಸವನ್ನು ಬಿಟ್ಟಿರಲಿಲ್ಲ.

ನಾನು ತಟ್ಟೆ ಮುಟ್ಟಲಿಲ್ಲ. ಕೈ ಚಾಚಿ ನಿಂತೆ.

"ಅಲ್ಲೇ ಇಟ್ಟಿದ್ದೇನಲ್ಲ ಅಕ್ಕ."

"ಅಲ್ಲಿಂದ ತೆಗೆದು ಕೊಡಿ."

ಅವರು ನನ್ನ ಕೈ ನೋಡಿದರು, ಬದಿಯಲ್ಲಿ ನಿಂತವರನ್ನು ನೋಡಿದರು. ಗ್ಲಾಸು ಎತ್ತಿ, ಹೆಗಲ ಬೈರಾಸಿನಿಂದ ಅದರ ಬುಡ ಒರೆಸಿ, ಚಾಚಿದರು. ಐದು ಬಿಳಿ ತುದಿಗಳ ನಡುವಿನಿಂದ ಗ್ಲಾಸು ನನ್ನ ಕೈಗೆ ಬಂತು. ತಣ್ಣಗಿತ್ತು. ನಾನು ಅರ್ಧ ಕುಡಿದ ಮೇಲೆ ಅವರಿಗೆ ನೆನಪಾಯಿತು.

"ಉಪ್ಪಾ ಸಕ್ಕರೆಯಾ ಅಂತ ನಿಮ್ಮ ಹತ್ರ ಕೇಳಲೇ ಇಲ್ಲ."

ಉಪ್ಪು ಹಾಕಿದ್ದರು. ನಾನು ಯಾವಾಗಲೂ ಸಕ್ಕರೆಯದ್ದು ಕುಡಿಯುವವಳು. ಇದೇ ಬೇಕಿತ್ತು ಅಂದುಚ್ಚ ಎಂದು ತಳದ ಬೀಜ ಬಾಯಿಗೆ ಬರುವವರೆಗೆ ಕುಡಿದು, ಖಾಲಿ ಗ್ಲಾಸನ್ನು ಅವರ ಕೈಗೇ ಕೊಟ್ಟೆ.